ದಣಿವು ದಾಟಿಸುವ ಹೊತ್ತು

ಅಂಗೈಗೆ ಅಂಗೈ ಕೂಡಿಸಿದರೆ ಒಬ್ಬರ ದಣಿವು ಇನ್ನೊಬ್ಬರಿಗೆ ಇಳಿಯುತ್ತಿದ್ದ ಕಾಲ. ಹುಬ್ಬಳ್ಳಿಯ ಆ ಕೊಳೆಗೇರಿಯಲ್ಲಿ ಗಂಡಸರು ಸಂಜೆ ಬಂದವರೇ ಹೆಂಡತಿಯ ಮುಂದೆ ಕೈ ಚಾಚುತ್ತಿದ್ದರು. ಹುಲಿಗೆವ್ವ ನಾಲ್ಕು ಮನೆಯ ಮುಸುರೆ ತಿಕ್ಕಿ ಬಂದು, ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಗಂಡ ದುರುಗಪ್ಪನ ದಣಿವನ್ನೂ ತೆಗೆದುಕೊಂಡು, ಆಮೇಲೆ ರೊಟ್ಟಿ ಬಡಿಯುತ್ತಿದ್ದಳು.

ಒಂದು ಸಂಜೆ ಮಗಳು ರೇಣವ್ವ ಕೇಳಿದಳು, “ಅಪ್ಪಂದು ನೀ ತಗೋತಿ. ನಿಂದು ಯಾರು ತಗೋತಾರವ್ವಾ?”

“ಹೆಂಗಸರದು ಯಾರು ತಗೋತಾರ?”

“ಹಂಗಾದ್ರ ನನಗ ಕೊಡು.” ಹುಡುಗಿ ಕೈ ಚಾಚಿದಳು. ಹುಲಿಗೆವ್ವ ಗಾಬರಿಯಾಗಿ ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಂದು ಮಾರುಕಟ್ಟೆಗೆ ರಜೆ. ದಿನವಿಡೀ ಇಸ್ಪೀಟಾಡಿ ಬಂದಿದ್ದರೂ ದುರುಗಪ್ಪ ರೂಢಿಯಂತೆ ಕೈ ಚಾಚಿದ.

“ಇವತ್ತ ನಂದು ನೀವು ತಗೋರಿ,” ಎಂದಳು ಹುಲಿಗೆವ್ವ. “ಹೆಂಗಿರ್ತದ ನೋಡೂಣು.”

ಅವನು ನಗುತ್ತಲೇ ಅಂಗೈ ಕೂಡಿಸಿದ. ಮರುಗಳಿಗೆ ಗೋಡೆ ಹಿಡಿದು ಕುಸಿದು ಕುಳಿತ.

“ಏನ್ ಮಾಡಿದಿ ಇವತ್ತ?”

“ದಿನಾ ಮಾಡೂದ.”

ಅವನು ಅವಳನ್ನೇ ನೋಡುತ್ತ ಅಲ್ಲೇ ನಿದ್ದೆಹೋದ. ಮೈ ಹಗುರಾದ ಹುಲಿಗೆವ್ವನಿಗೆ ಸಂಜೆ ಇಷ್ಟು ಉದ್ದವಿರುತ್ತದೆಂದು ಗೊತ್ತೇ ಇರಲಿಲ್ಲ. ಅವಳು ಈ ಸಲ ಹೆದರದೆ ಮಗಳ ಕೈ ಹಿಡಿದುಕೊಂಡು, ಓಣಿಯ ಆಚೆ ಏನೇನಿದೆ ನೋಡಿ ಬರಲು ಹೊರಟಳು.