ಬೀಗದ ಕೈ ಬರುವ ದಾರಿ

ಊರಿಗೆ ಹೊರಟ ಶ್ಯಾಮರಾಯರು ತಮ್ಮ ಬೆಕ್ಕನ್ನು ಎದುರುಮನೆಯ ವಾರಿಜಮ್ಮನವರಿಗೆ ಒಪ್ಪಿಸಿ ಕಾರು ಹತ್ತಿದರು. ಬೆಕ್ಕೋ, ಆಕೆಯ ಮನೆ ಬಾಗಿಲು ತೆರೆದದ್ದೇ ತಡ, ಬೀದಿಗೆ ಹಾರಿತು. ಹಿಡಿಯಲು ವಾರಿಜಮ್ಮ ಹೊರಗೆ ಓಡಿದರು. ಹಿಂದೆಯೇ ಗಾಳಿಗೆ ಬಾಗಿಲು ಮುಚ್ಚಿ ಬೀಗ ಬಿತ್ತು. ಪುಣ್ಯಕ್ಕೆ ಫೋನು ಕೈಯಲ್ಲಿತ್ತು.

"ರಾಯರೇ, ನಮ್ಮನೆ ಇನ್ನೊಂದು ಬೀಗದ ಕೈ ನಿಮ್ಮಲ್ಲೇ ಇದೆಯಲ್ಲ? ಒಲೆ ಮೇಲೆ ನೈವೇದ್ಯದ ಪಾಯಸ ಇದೆ."

"ಬೆಕ್ಕು ಕಾಯಿರಿ ಅಂದರೆ ಬೀದಿ ಕಾಯ್ತಿದೀರಾ? ಪೆಟ್ರೋಲ್ ಬಂಕಿನಲ್ಲೇ ಇದೀನಿ. ಬಂದೆ."

ಕಾರು ಬೀದಿಯ ತುದಿಗೆ ಬಂದು ಅಲ್ಲೇ ನಿಂತಿತು. ಇತ್ತ ಅಡುಗೆಮನೆ ಕಿಟಕಿಯಿಂದ ಸೀದ ವಾಸನೆ ಬರತೊಡಗಿತು.

"ಯಾಕೆ ನಿಂತಿರಿ ರಾಯರೇ? ನಾನೇ ಬಂದು ತಗೋತೀನಿ."

"ಬೇಡ ವಾರಿಜಮ್ಮ, ನೀವೂ ಒಂದು ಗಳಿಗೆ ಕೂತುಕೊಳ್ಳಿ. ನಮ್ಮ ಬೆಕ್ಕು ಈಗ ತಾನೇ ಇಬ್ಬರಿಗೂ ಅಡ್ಡ ಬಂತು."