ನಾಲ್ಕು ಮಾರು ನೀರು

ಬೆಳಿಗ್ಗೆ ಹತ್ತು ನಲವತ್ತಕ್ಕೆ ತಿರುವಿನಲ್ಲಿ ನದಿಯ ಆಳ ನಾಲ್ಕು ಮಾರು ಇತ್ತು. ಅಳತೆಗಾರ ಹಗ್ಗಕ್ಕೆ ಕಟ್ಟಿದ್ದ ಕೆಂಪು ಬಟ್ಟೆಯ ಗುರುತುಗಳನ್ನು ಎರಡು ಸಲ ಎಣಿಸಿದ. ಹಗ್ಗದ ತುದಿಯ ಸೀಸದ ಗುಂಡನ್ನು ಮೇಲೆಳೆದು ತಿರುಗಿಸಿ ನೋಡಿದ. ಗುಂಡಿನ ತಳದ ಗುಳಿಯಲ್ಲಿ ಮೆತ್ತಿದ್ದ ಗ್ರೀಸಿಗೆ ಕಪ್ಪು ಕೆಸರು ಅಂಟಿಕೊಂಡು ಬಂದಿತ್ತು. ಕೆಳಗೆ ಮಣ್ಣಿದೆಯೋ ಕಲ್ಲಿದೆಯೋ ತಿಳಿಯಲು ಅವನ ಕಸುಬಿನವರು ಮಾಡುವ ಉಪಾಯ ಅದು. ಅವನು ನೆಮ್ಮದಿಯ ಉಸಿರು ಬಿಟ್ಟ.

“ಮೂವತ್ತು ವರ್ಷಕ್ಕೆ ಒಂದ್ಸಲ ದೋಣೀಲಿ ಸುತ್ತಾಡಿಸ್ತೀನಿ ಅಂತ ಕರ್ಕೊಂಡು ಬಂದ್ರಿ,” ಎಂದಳು ಹೆಂಡತಿ. “ಇಲ್ಲೂ ಕಚೇರಿನೇ ಬಿಚ್ಚಿ ಕೂತ್ರಲ್ಲ.”

“ಐದು ನಿಮಿಷ ಕಣೇ.”

“ಮನೇಲಿ ಟ್ಯಾಂಕ್ ತುಂಬಿ ಹರಿದ್ರೂ ಗೊತ್ತಾಗಲ್ಲ. ನದಿ ಅಳೀತಾರಂತೆ.”

ಅವನು ನಕ್ಕು ಹಗ್ಗ ಸುತ್ತಿದ. ವಿಷಯ ಅವಳಿಗೆ ಹೇಳುವಂಥದ್ದಾಗಿರಲಿಲ್ಲ. ಈ ನಾಲ್ಕು ಮಾರನ್ನು ಅವನು ಗುರುವಾರವೇ ಬರೆದು ಸಹಿ ಹಾಕಿದ್ದ, ಕಚೇರಿಯ ಫ್ಯಾನಿನ ಕೆಳಗೆ ಕೂತು, ಹೋದ ವರ್ಷದ ಕಡತ ನೋಡಿ. ಹೊರಗೆ ಬಿಸಿಲಿತ್ತು. ಹನ್ನೊಂದು ವರ್ಷದಿಂದ ತಿರುವಿನ ಆಳ ಬದಲಾಗಿಯೂ ಇರಲಿಲ್ಲ. ಆ ಸಹಿಯ ಮೇಲೆ ಇವತ್ತು ನಾಲ್ಕು ಗಂಟೆಗೆ ಹೊಸ ಲಾಂಚು ಎಪ್ಪತ್ತು ಜನರನ್ನು ತುಂಬಿಕೊಂಡು ಈ ದಾರಿಯಲ್ಲಿ ಬರುವುದಿತ್ತು. ಅದು ತೇಲಲು ಒಂದೂವರೆ ಮಾರು ನೀರಾದರೂ ಬೇಕು. ಮೂರು ರಾತ್ರಿ ಅವನಿಗೆ ನಿದ್ದೆ ಹತ್ತಿರಲಿಲ್ಲ. ಈಗ ಸುಳ್ಳು ತಾನಾಗಿಯೇ ನಿಜವಾಗಿತ್ತು.

ಮೋಟಾರನ್ನು ಸಣ್ಣಗೆ ಇಟ್ಟು ಇಬ್ಬರೂ ಹರಿವಿನ ಜೊತೆ ಕೆಳಗೆ ಸಾಗಿದರು. ಹೆಂಡತಿ ಚಪ್ಪಲಿ ಬಿಚ್ಚಿ, ಒಂದು ಕೈಯನ್ನು ನೀರಿಗೆ ಬಿಟ್ಟು, ಮರೆತುಹೋಗಿದ್ದ ಯಾವುದೋ ರಾಗ ಗುನುಗಿದಳು. ಜೊಂಡಿನ ಪಕ್ಕ ದೋಣಿ ಕಟ್ಟಿ ಬುತ್ತಿ ಬಿಚ್ಚಿದರು. ಅವನಿಗೆ ಎರಡು ಸಲ ಬಡಿಸಿಕೊಳ್ಳುವಷ್ಟು ಹಸಿವಾಗಿತ್ತು. ವಾಪಸು ಬರುವಾಗ, ಒಂದೂಕಾಲಕ್ಕೆ, ಬರೀ ಕೈ ಚಟಕ್ಕೆ ತಿರುವಿನಲ್ಲಿ ಮತ್ತೆ ಗುಂಡು ಇಳಿಸಿದ. ಮೂರು ಮಾರಿಗೆ ಹಗ್ಗ ಸಡಿಲವಾಯಿತು.

ದೋಣಿ ಜರುಗಿರಬೇಕೆಂದು ದಡ ನೋಡಿದ. ಹೆಂಚಿನ ಕಾರ್ಖಾನೆಯ ಚಿಮಣಿ ಬೆಳಿಗ್ಗೆಯಂತೆಯೇ ನೀರಿನ ಟ್ಯಾಂಕಿನ ಹಿಂದೆ ಸರಿಯಾಗಿ ಮರೆಯಾಗಿತ್ತು. ಜಾಗ ಅದೇ. ಮಟ್ಟ ತೋರಿಸುವ ಕಂಬದ ಮೇಲೆ ನೀರು ಒಂದು ಬೆರಳೂ ಇಳಿದಿರಲಿಲ್ಲ. ಅವನು ಲಂಗರು ಹಾಕಿ ಅಲ್ಲೇ ನಿಂತ. ಎರಡೂವರೆಗೆ ಆಳ ಎರಡು ಮಾರು.

“ಕೊಡಿ ಇಲ್ಲಿ. ನಿಮಗೆ ಎಣಿಸೋಕೆ ಬರಲ್ಲ,” ಎಂದು ಹೆಂಡತಿ ಹಗ್ಗ ಕಿತ್ತುಕೊಂಡಳು. ಎರಡೂ ಕೈ ಅಗಲಿಸಿ ಗುರುತುಗಳ ನಡುವಿನ ಉದ್ದ ಸರಿಯಿದೆಯೇ ಎಂದು ನೋಡಿದಳು. ಸರಿಯಾಗಿತ್ತು. ತಾನೇ ಗುಂಡು ಇಳಿಸಿದಳು. ಎರಡು ಮಾರು ಇಳಿಯುವ ಮುಂಚೆಯೇ ಅವಳ ಕೈ ನಿಂತಿತು.

“ರೀ, ಇದು ನೆಲಕ್ಕೆ ತಾಗಿದ ಹಾಗಿಲ್ಲ.”

“ಮತ್ತೆ?”

“ಯಾರೋ ಕೈ ಚಾಚಿ ಈಸ್ಕೊಂಡ ಹಾಗಿದೆ.”

ಅವನು ಹಗ್ಗ ಎಳೆದ. ಗುಂಡು ಆರಾಮವಾಗಿ ಬಂತು. ಗ್ರೀಸಿನಲ್ಲಿ ಕೆಸರಿರಲಿಲ್ಲ, ಮರಳೂ ಇರಲಿಲ್ಲ. ಹೆಬ್ಬೆರಳು ಒತ್ತಿದ ಮೂರು ಗುರುತುಗಳಿದ್ದವು, ಮೂರೂ ಬೇರೆ ಬೇರೆ ಅಳತೆಯವು. ಅವನು ತನ್ನ ಹೆಬ್ಬೆರಳು ಇಟ್ಟು ನೋಡಿದ. ಹೆಂಡತಿಯೂ ಇಟ್ಟು ನೋಡಿದಳು. ಒಂದೂ ಹೊಂದಲಿಲ್ಲ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು.

“ಗುರುವಾರ ನಾನು ಇಲ್ಲಿಗೆ ಬಂದೇ ಇರಲಿಲ್ಲ ಕಣೇ,” ಎಂದ ಅವನು. “ಕೂತಲ್ಲೇ ಬರೆದುಬಿಟ್ಟೆ. ಅದನ್ನ ನಂಬ್ಕೊಂಡು ನಾಲ್ಕು ಗಂಟೆಗೆ ಹೊಸ ಲಾಂಚ್ ಬರುತ್ತೆ.”

ಅವಳು ಒರೆಸುವುದನ್ನು ನಿಲ್ಲಿಸಿದಳು. “ಈಗ ಲಾಂಚ್ ನಿಲ್ಸಿದ್ರೆ?”

“ಯಾಕೆ ನಿಲ್ಸಿದೆ ಅಂತ ಕೇಳ್ತಾರೆ. ಕೆಲಸ ಹೋಗುತ್ತೆ. ಪಿಂಚಣಿಗೆ ಇನ್ನೂ ಎರಡು ವರ್ಷ ಇದೆ.”

“ನಿಲ್ಸದಿದ್ರೆ?”

ಅವನು ಮತ್ತೆ ಗುಂಡು ಇಳಿಸಿದ. ಒಂದು ಮಾರು. ಸುತ್ತ ನೀರು ತಟ್ಟೆಯಲ್ಲಿಟ್ಟಂತೆ ನಿಂತಿತ್ತು. ಹೆಂಡತಿ ಕಾಲೆರಡನ್ನೂ ಮೇಲೆತ್ತಿ ಹಲಗೆಯ ಮೇಲೆ ಇಟ್ಟುಕೊಂಡಳು. “ನನ್ನ ಹೊಲಿಗೆ ಮಿಷನ್ ಇದೆಯಲ್ಲ,” ಎಂದಳು. “ನಡೀರಿ.”

ಮೂರು ಐವತ್ತೆರಡಕ್ಕೆ ಅವನು ದೋಣಿಯನ್ನು ಲಾಂಚಿನ ದಾರಿಗೆ ಅಡ್ಡ ನಿಲ್ಲಿಸಿ ಅಂಗಿ ಬಿಚ್ಚಿ ಬೀಸಿದ. ಲಾಂಚಿನಲ್ಲಿ ಹಾಡು ಹಾಕಿದ್ದರು. ಲಾಂಚು ನಿಂತಿತು. “ಅಳತೆಗಾರರೇ, ನೀವೇ ಅಡ್ಡ ನಿಂತ್ರೆ ಹೇಗೆ ಸ್ವಾಮಿ?” ಎಂದು ಚಾಲಕ ಮೇಲಿನಿಂದ ಬಗ್ಗಿ ಕೇಳಿದ. “ಹಿಂದಕ್ಕೆ ತಿರುಗಿಸಪ್ಪ. ತಿರುವಿನ ಆಳ ನಾನು ಅಳೆದೇ ಇಲ್ಲ. ಸುಳ್ಳು ಬರೆದಿದ್ದೆ,” ಎಂದ ಅವನು. ಮೊದಲ ಸಾಲಿನಲ್ಲಿ ಕೂತವರಿಗೆಲ್ಲ ಅದು ಸ್ಪಷ್ಟವಾಗಿ ಕೇಳಿಸಿತು.

ಸೋಮವಾರ ಅಧಿಕಾರಿಗಳು ತಿರುವಿನಲ್ಲಿ ಹದಿನಾರು ಕಡೆ ಹಗ್ಗ ಇಳಿಸಿದರು. ಹದಿನಾರು ಕಡೆಯೂ ನಾಲ್ಕು ಮಾರು. ಮಂಗಳವಾರ ಅಳತೆಗಾರನ ಕೈಗೆ ಅಮಾನತಿನ ಆದೇಶ ಬಂತು. ಲಾಂಚಿಗೆ ಮುಂದಿನ ಭಾನುವಾರದಿಂದ ಅದೇ ದಾರಿಯಲ್ಲಿ ಅನುಮತಿ ಸಿಕ್ಕಿತು. ಹಿಂದಿನ ದಿನ, ಶನಿವಾರ, ಕೊನೆಯ ಪರೀಕ್ಷೆಗೆ ಹೊಸ ಅಳತೆಗಾರ ಒಬ್ಬನೇ ದೋಣಿಯಲ್ಲಿ ಹೋದ. ಸಂಜೆ ಬಂದು, ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ನಾಲ್ಕು ಮಾರು ಎಂದು ಬರೆದು ಸಹಿ ಹಾಕಿ, ಅದೇ ಮೇಜಿನ ಮೇಲೆ ವರ್ಗಾವಣೆಯ ಅರ್ಜಿಯನ್ನೂ ಬರೆದ. ಕಾರಣ ಎಂಬಲ್ಲಿ ಏನೂ ತುಂಬಿರಲಿಲ್ಲ.