ಕಿವಿಯ ಮೇಲಿನ ಮಲ್ಲಿಗೆ

“ನನ್ನ ನೆನಪಾಗ್ಲಿಲ್ವಾ ಮದಾಮ್? ನಾನು ನಿಮ್ಮ ಹೋಟೆಲಿನವನು.”

ಮುದುಕಿ ನಿಂತಳು. ನಿಂತವರು ಅರ್ಧ ಬಿದ್ದಂತೆಯೇ. ಹಮ್ಮಾಮೆತ್ ಎಂಬ ಕಡಲೂರಿನ ಕೋಟೆಗೋಡೆಯ ಬುಡದಲ್ಲಿ ಹತ್ತೊಂಬತ್ತು ವರ್ಷ ಪ್ರವಾಸಿಗರಿಗೆ ಗಾಳ ಹಾಕುತ್ತ ನಿಂತು ನೌಫೆಲ್ ಕಲಿತ ಪಾಠವಿದು. ಎದುರು ನಿಂತು ನಗುವವನಿಗೆ ಮುಖಕ್ಕೆ ಹೊಡೆದ ಹಾಗೆ ‘ನೀನು ಯಾರೋ ಗೊತ್ತಿಲ್ಲ’ ಎನ್ನುವಷ್ಟು ಒರಟರು ಯಾವ ದೇಶದಲ್ಲೂ ಹೆಚ್ಚಿಲ್ಲ. ಆ ಸಂಕೋಚವೇ ಅವನ ಬಂಡವಾಳ.

ಹೋಟೆಲಿನವರೂ ಸುಮ್ಮನಿರಲಿಲ್ಲ. ಬಾಗಿಲು ಬಾಗಿಲಿಗೆ ಎಚ್ಚರಿಕೆಯ ಫಲಕ ತೂಗುಹಾಕಿದರು. ಬೀದಿಯಲ್ಲಿ ಹೋಟೆಲಿನವರೆಂದು ಬರುವವರನ್ನು ನಂಬಬೇಡಿ. ಬಿಟ್ಟಿ ಹೂ ಮುಟ್ಟಬೇಡಿ. ಪೇಟೆಗೆ ಹಣ ಒಯ್ಯಬೇಡಿ. ಅವರು ಚಾಪೆ ಕೆಳಗೆ ತೂರಿದರೆ ನೌಫೆಲ್ ರಂಗೋಲಿ ಕೆಳಗೆ ತೂರುವವನು. ಅತಿಥಿಗಳ ಕೈಗೆ ಕಟ್ಟುವ ಬಣ್ಣದ ಪಟ್ಟಿ ನೋಡಿಯೇ ಯಾರು ಯಾವ ಹೋಟೆಲಿನವರೆಂದು ಹೇಳುತ್ತಿದ್ದ. ಈ ಮುದುಕಿಯದು ಮಾತ್ರ ಮುಂಗೈ ಮುಚ್ಚುವ ತೋಳಿನ ಅಂಗಿ. ಪಟ್ಟಿ ಕಾಣಲಿಲ್ಲ. ಆದರೆ ದಾರಿಯನ್ನು ಅವಳೇ ತೋರಿಸಿದಳು.

“ಓ, ಕೊಲ್ಲಿ ತುದಿಯ ಬಿಳಿ ಹೋಟೆಲಿನವನಾ? ಬೆಳಗ್ಗೆ ಆಮ್ಲೆಟ್ ಹಾಕೋನು ನೀನೇ ಅಲ್ವಾ? ಉಪ್ಪು ಸ್ವಲ್ಪ ಕಡಿಮೆ ಮಾಡಪ್ಪಾ.”

ನಾಳೆಯಿಂದಲೇ ಕಡಿಮೆ ಮಾಡುವುದಾಗಿ ನೌಫೆಲ್ ಎದೆ ಮುಟ್ಟಿ ಮಾತು ಕೊಟ್ಟ. ಹೋಟೆಲಿನ ಕಾಣಿಕೆಯೆಂದು ಒಂದು ಮಲ್ಲಿಗೆ ಗೊಂಚಲನ್ನು ಅವಳ ಕೈಗಿತ್ತ. ಇಲ್ಲಿ ಸಂಜೆಯಾದರೆ ಗಂಡಸರೇ ಕಿವಿಯ ಮೇಲೆ ಮಲ್ಲಿಗೆ ಸಿಕ್ಕಿಸಿಕೊಂಡು ತಿರುಗುತ್ತಾರೆ. ಪರಊರಿನವರ ಕಿವಿಗೆ ಹೂ ಇಡುವುದು ಬೇರೆಯೇ ಕಸುಬು.

ಅವಳ ಹೆಸರು ಓದೆಟ್ ಅಂತೆ. ಪೇಟೆಯ ಹವಳದ ಅಂಗಡಿಗೆ ಅವನು ಕರೆದೊಯ್ದ ದಾರಿಯುದ್ದಕ್ಕೂ ಹೋಟೆಲಿನ ಆ ಫಲಕವನ್ನೇ ಹೊಗಳಿದಳು. ಎಂತೆಂಥ ಮೋಸಗಾರರಿದ್ದಾರಪ್ಪಾ, ಸದ್ಯ ಗುರುತಿನವನು ನೀನು ಸಿಕ್ಕಿದೆ ಎಂದಳು. ನೌಫೆಲ್ ಕೂಡ ಮೋಸಗಾರರನ್ನು ಮನಸಾರೆ ಬೈದ.

ಇಂದು ಅವನಿಗೆ ಈ ಮಿಕ ಬೇಕೇ ಬೇಕಾಗಿತ್ತು. ಹವಳದ ಅಂಗಡಿಯ ಹಾಜಿ ತಿಜಾನಿ, ಶುಕ್ರವಾರದೊಳಗೆ ಒಂದು ದೊಡ್ಡ ವ್ಯಾಪಾರ ಕುದುರಿಸಿದರೆ ಅಂಗಡಿಯೊಳಗೆ ಕಾಯಂ ಕುರ್ಚಿ ಕೊಡುತ್ತೇನೆ ಎಂದಿದ್ದ. ಫ್ಯಾನಿನ ಕೆಳಗಿನ ಕುರ್ಚಿ. ಮಗಳು ರೀಮ್ ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಜಾಗವನ್ನು ಪ್ರತಿ ವರ್ಷ ಖಾಲಿ ಬಿಡುತ್ತಿದ್ದಳು. ಇವತ್ತು ಗುರುವಾರ.

ಹಾಜಿ ಪುದೀನಾ ಚಹಾ ತರಿಸಿದ. ಹನ್ನೆರಡು ಹಾರಗಳನ್ನು ಹರಡಿ, ಹನ್ನೆರಡೂ ತನ್ನ ಅಜ್ಜಿಯವೇ ಎಂದ. ಹನ್ನೊಂದು ಬಣ್ಣ ಹಾಕಿದ ಅಂಟಿನ ಮಣಿಗಳು. ಹನ್ನೆರಡನೆಯದು ಮಾತ್ರ ಅಪ್ಪಟ ಹವಳ, ಪೊಲೀಸರು ಬಂದರೆ ತೋರಿಸಲು ಇಟ್ಟದ್ದು. ಮುದುಕಿ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, ಆ ಹನ್ನೆರಡನೆಯದನ್ನೇ ಎತ್ತಿಕೊಂಡಳು. ಕುರುಡು ಅದೃಷ್ಟ ಎಂದುಕೊಂಡ ನೌಫೆಲ್. ಹಾಜಿ ಮೂರು ಪಟ್ಟು ಬೆಲೆ ಹೇಳಿದ. ಅವಳು ಚೌಕಾಸಿಯನ್ನೇ ಮಾಡಲಿಲ್ಲ. ಹಾರವನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿದಳು.

“ಹಣ ಹೋಟೆಲಿನ ತಿಜೋರಿಯಲ್ಲಿದೆ. ಪೇಟೆಗೆ ತರಬೇಡಿ ಅಂತ ಅಲ್ಲಿನ ಫಲಕದಲ್ಲೇ ಬರೆದಿದೆಯಲ್ಲಪ್ಪಾ. ಈ ಹುಡುಗ ಬರಲಿ, ಅವನ ಕೈಲೇ ಕೊಟ್ಟು ಕಳಿಸ್ತೀನಿ.”

ಹಾಜಿ ಹುಬ್ಬು ಗಂಟಿಕ್ಕಿ ನೌಫೆಲನನ್ನು ನೋಡಿದ. ಅವಳ ಹೋಟೆಲು ಗೊತ್ತೇ ಎಂದು ತಮ್ಮ ಭಾಷೆಯಲ್ಲಿ ಕೇಳಿದ. ಬಿಳಿ ಹೋಟೆಲು, ಅವಳೇ ಹೇಳಿದಳು ಎಂದ ನೌಫೆಲ್.

“ನೆರಳಿನ ಹಾಗೆ ಹಿಂದೆ ಹೋಗು,” ಎಂದ ಹಾಜಿ. “ಹಾರ ಹೋದ್ರೆ ಕುರ್ಚಿ ಹೋಯ್ತು. ಆಮೇಲೆ ಈ ಪೇಟೆಯಲ್ಲಿ ನಿನಗೆ ನಿಲ್ಲೋಕೆ ಗೋಡೆನೂ ಸಿಗಲ್ಲ.”

ನೌಫೆಲ್ ನೆರಳಾದ. ಕಡಲ ದಂಡೆಯುದ್ದಕ್ಕೂ ಅವನ ಕಣ್ಣು ಹಾರದ ಮೇಲೆಯೇ ಇತ್ತು. ಮನಸ್ಸು ಆಗಲೇ ಫ್ಯಾನಿನ ಕೆಳಗೆ ಕುಳಿತಿತ್ತು.

ಬಿಳಿ ಹೋಟೆಲಿನ ಮೆಟ್ಟಿಲ ಬಳಿ ಮುದುಕಿ ತಿರುಗಿದಳು. ಎರಡು ಮಾರು ದೂರದಲ್ಲಿ ಕಾವಲುಗಾರ ನಿಂತಿದ್ದ.

“ನೌಕರರು ಮುಂಬಾಗಿಲಿಂದ ಬಂದ್ರೆ ಮ್ಯಾನೇಜರು ಬೈಯಲ್ವಾ? ನೀನು ಹಿಂದಿನಿಂದ ಬಾ. ಅಡುಗೆಮನೆ ಬಾಗಿಲಿಗೇ ಹಣ ತರ್ತೀನಿ.”

ನೌಫೆಲನಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು. ನೌಕರನಲ್ಲ ಎಂದರೆ ಫಲಕದಲ್ಲಿರುವ ಮೋಸಗಾರ ತಾನೇ ಎಂದು ಕಾವಲುಗಾರನ ಎದುರೇ ಒಪ್ಪಿಕೊಂಡಂತೆ. ಹೌದು ಮದಾಮ್, ನಿಯಮ ನಿಯಮವೇ ಎಂದ. ಅವಳು ಕೈಯಲ್ಲಿದ್ದ ಮಲ್ಲಿಗೆ ಗೊಂಚಲನ್ನು ಅವನ ಕಿವಿಯ ಮೇಲೆ ಸಿಕ್ಕಿಸಿದಳು. ಇದು ನಿನಗೇ ಒಪ್ಪುತ್ತದೆ ಎಂದು ಕೆನ್ನೆ ತಟ್ಟಿದಳು. ಕಾವಲುಗಾರನ ಬಳಿ ನಿಂತು ನಗುತ್ತ ಎರಡು ಮಾತಾಡಿ ಒಳಗೆ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ಅವನು ಅರ್ಧ ಗಂಟೆ ಕಾದ. ಮೀನಿನ ಸಿಪ್ಪೆಯ ಬುಟ್ಟಿ ಬಂತು, ಒಗೆಯಲು ಕೊಡುವ ಬಟ್ಟೆಯ ಗಂಟು ಬಂತು. ಮುದುಕಿ ಬರಲಿಲ್ಲ. ನೌಫೆಲ್ ಮುಂಬಾಗಿಲಿಗೆ ಓಡಿದ.

“ಯಾರು ನೀನು?” ಎಂದ ಕಾವಲುಗಾರ.

“ಆಮ್ಲೆಟ್ ಹಾಕೋನು,” ಎಂದುಬಿಟ್ಟ ನೌಫೆಲ್. ನಾಲಗೆ ಕಚ್ಚಿಕೊಂಡು, ಹವಳದ ಹಾರದ ಮದಾಮ್ ಓದೆಟ್ ಯಾವ ಕೋಣೆಯಲ್ಲಿದ್ದಾರೆ ಎಂದು ಕೇಳಿದ. ಕಾವಲುಗಾರ ಒಳಗೆ ಫೋನು ಮಾಡಿದ. ಆ ಹೆಸರಿನವರು ಯಾರೂ ಹೋಟೆಲಿನಲ್ಲಿ ಇಳಿದಿರಲಿಲ್ಲ. ಹವಳದ ಹಾರ ಹಾಕಿಕೊಂಡ ಅಜ್ಜಿಯೊಬ್ಬರು ಆಗಲೇ ಕಡಲ ಕಡೆಯ ಬಾಗಿಲಿಂದ ಹೊರಟುಹೋಗಿದ್ದರಂತೆ.

“ಕೈಯಲ್ಲಿ ಪಟ್ಟಿ ಇತ್ತಾ?” ನೌಫೆಲ್ ಅವನ ತೋಳು ಹಿಡಿದ. “ಪಟ್ಟಿ ನೋಡದೆ ಒಳಗೆ ಹೇಗಯ್ಯಾ ಬಿಟ್ಟೆ?”

ಕಾವಲುಗಾರ ಅವನ ಕಿವಿಯ ಮೇಲಿನ ಹೂವನ್ನೇ ನೋಡುತ್ತ ತಲೆ ಕೆರೆದುಕೊಂಡ. “ಏನ್ ಮಾಡ್ಲಿ ಅಣ್ಣಾ, ‘ನನ್ನ ನೆನಪಾಗ್ಲಿಲ್ವಾ ಮಗಾ? ನಾನು ನಿಮ್ಮ ಹೋಟೆಲಿನವಳು’ ಅಂತ ನಕ್ಕರು. ಮುಖಕ್ಕೆ ಹೊಡೆದ ಹಾಗೆ ಗೊತ್ತಿಲ್ಲ ಅನ್ನೋಕಾಗುತ್ತಾ?”